‘ಹೋಪ’ ಚಿತ್ರಕ್ಕೆ ಮೊದಲ ಬಹುಮಾನ

ನನ್ನ ಬಾಳಿನಲ್ಲಿ ನನಗೆ ಬಂದ ಬಹುಮಾನ ಒಂದೇ. ಅದು ಚಿತ್ರ ಬರೆದದ್ದಕ್ಕೆ ಬಂತು. ಬಂದ ಹತ್ತನೆಯ ದಿನಕ್ಕೆ ನಾನು ಕಾಲೇಜು ಬಿಟ್ಟು ಬೊಂಬಾಯಿಯ ದಾರಿ ಹಿಡಿದಿದ್ದೆ. ಬಹುಮಾನ ಬಂದದ್ದಕ್ಕೂ ಕಾಲೇಜು ಬಿಟ್ಟದ್ದಕ್ಕೂ ಸಂಬಂಧವಿಲ್ಲ ಎಂದು ಹೇಳುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಕುಂದಾಪುರಕ್ಕೆ ಕಾಲೇಜು ಬಂದು ಹೆಚ್ಚು ದಿನವಾಗಿರಲಿಲ್ಲ. ಅಲ್ಲಿಯ ತನಕ ನಮ್ಮ ಕಡೆಯವರಿಗೆ ಡಿಗ್ರಿ ಬೇಕೆಂದರೆ ಉಡುಪಿಗೋ ಮಂಗಳೂರಿಗೋ ಹೋಗಿ ಯಾರದಾದರೂ ಮನೆಯ ಜಗಲಿಯಲ್ಲಿ ಚಾಪೆ ಹಾಸಬೇಕಿತ್ತು. ಈಗ ಡಿಗ್ರಿಯೇ ನಮ್ಮನ್ನು ಹುಡುಕಿಕೊಂಡು ಬಂದಿತ್ತು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ‘ಸುಸ್ವಾಗತ’ ಎಂದು ಬರೆದಿತ್ತು. ತೆಕ್ಕಟ್ಟೆ ಕಡೆಯಿಂದ ನಾನು, ಬ್ರಹ್ಮಾವರದಿಂದ ಕೆಲವರು, ಬೈಂದೂರು ಶಿರೂರಿನಿಂದ ಇನ್ನು ಕೆಲವರು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಆ ಸುಸ್ವಾಗತದ ಅಡಿಯಲ್ಲಿ ಹಾದು ಒಳಗೆ ಹೋದೆವು. ಒಳಗೆ ಹೋದ ಮೇಲೆ ತಿಳಿಯಿತು, ಸ್ವಾಗತ ನಮಗೆ ಮಾತ್ರ, ನಮ್ಮ ಬಾಯಿಗಲ್ಲ ಎಂದು.

ಕನ್ನಡದ ಲೆಕ್ಚರರು ಮೈಸೂರು ಕಡೆಯವರು. ಇಸ್ತ್ರಿ ಮಾಡಿದ ಪಂಚೆ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ನೀಲಿಯದನ್ನು ಅವರು ಹೊರಗೆ ತೆಗೆದದ್ದನ್ನು ನಾನು ಕಂಡಿಲ್ಲ. ಕರಾವಳಿಯವರಿಗೆ ಕನ್ನಡ ಕಲಿಸುವುದಕ್ಕೆಂದೇ ದೇವರು ತಮ್ಮನ್ನು ಘಟ್ಟ ಇಳಿಸಿದ್ದಾನೆ ಎಂದು ಅವರು ಮನಸಾರೆ ನಂಬಿದ್ದರು. ಮೊದಲ ವಾರದಲ್ಲೇ ಶಿರೂರಿನ ಒಬ್ಬ ಹುಡುಗ ತಡವಾಗಿ ಬಂದು ಬಾಗಿಲಲ್ಲಿ ನಿಂತು, "ಸರ್, ಒಳ್ಗ್ ಬತ್ತೆ" ಎಂದ.

"ಬತ್ತೆಯೇ? ದೀಪದ ಬತ್ತಿಯೋ, ಕೆರೆ ಬತ್ತಿದ್ದೋ?" ಎಂದರು ಲೆಕ್ಚರರು. "ಕನ್ನಡದಲ್ಲಿ ಹೇಳಪ್ಪ. ಬರ್ತೀನಿ ಅನ್ನು."

‘ಬರ್ತೀನಿ’ ಎಂಬುದು ಯಾವ ವ್ಯಾಕರಣದ ಎಷ್ಟನೆಯ ಪುಟದಲ್ಲಿದೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಅವರು ನುಂಗಿದ ಅಕ್ಷರಗಳು ಶುದ್ಧ, ನಾವು ನುಂಗಿದ ಅಕ್ಷರಗಳು ಅಶುದ್ಧ, ಅಷ್ಟೆ. ಹಳಗನ್ನಡದ ಪಾಠದಲ್ಲಿ ‘ಪೋಪ’, ‘ಬರ್ಪ’ ಎಂಬ ಮಾತು ಬಂದರೆ ಅವರು ಕಣ್ಣು ಮುಚ್ಚಿ ಎರಡು ಸಲ ಓದಿಸಿ ಆನಂದಪಡುತ್ತಿದ್ದರು. ಅದೇ ಮಾತನ್ನು ನಾವು ‘ಹೋಪ’, ‘ಬಪ್ಪ’ ಎಂದರೆ ಪೀರಿಯಡ್ ಮುಗಿಯುವ ತನಕ ನಿಲ್ಲಿಸುತ್ತಿದ್ದರು. ಸಾವಿರ ವರ್ಷದ ಹಿಂದೆ ಸತ್ತವರು ಆಡಿದರೆ ಅದು ಕಾವ್ಯ, ಬಸ್ಸಿನಲ್ಲಿ ಬಂದವರು ಆಡಿದರೆ ಗ್ರಾಮ್ಯ.

ಆ ಶಿರೂರಿನವನು ಮೀನುಗಾರರ ಮನೆಯವನು, ಆ ಮನೆಯಲ್ಲಿ ಹೈಸ್ಕೂಲು ದಾಟಿದ ಮೊದಲನೆಯವನು. ಅವನು ಆಮೇಲೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಒಳಗೆ ಬರಲು ಅಪ್ಪಣೆ ಕೇಳುವ ಪ್ರಸಂಗವೇ ಬೇಡವೆಂದು ದಿನಾ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದ. ಹಾಜರಿಗೆ ಬರೇ ಕೈ ಎತ್ತುತ್ತಿದ್ದ. ಲೆಕ್ಚರರು ಇದನ್ನು ಶಿಸ್ತು ಎಂದು ಹೊಗಳಿದರು. ನನಗೆ ಪಕ್ಕದ ಜಾಗ ಸಿಕ್ಕಿತು, ಹಾಗಾಗಿ ಗೆಳೆಯನಾದ. ಹೊರಗೆ ಮರದಡಿಗೆ ಬಂದರೆ ಅವನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕಲೆಗೆಂದೇ ಒಂದು ಗಾಜಿನ ಪೆಟ್ಟಿಗೆಯಿತ್ತು. ಆಫೀಸಿನ ಹೊರಗೋಡೆಗೆ ಹೊಡೆದ ಭಿತ್ತಿಪತ್ರಿಕೆ. ಕವಿತೆ, ಚಿತ್ರ, ಸುಭಾಷಿತ ಏನಿದ್ದರೂ ಅದರಲ್ಲಿ ಹಚ್ಚಬೇಕು. ಪೆಟ್ಟಿಗೆಗೆ ಬೀಗ, ಬೀಗದ ಕೈ ಕನ್ನಡ ಲೆಕ್ಚರರ ಬಳಿ. ಗಾಜಿನ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿತ್ತು: ‘ಶುದ್ಧ ಕನ್ನಡ ಅಥವಾ ಇಂಗ್ಲಿಷಿನ ಬರಹಗಳನ್ನು ಮಾತ್ರ ಸ್ವೀಕರಿಸಲಾಗುವುದು.’ ವರ್ಷವಿಡೀ ಅದರಲ್ಲಿ ಇದ್ದದ್ದು ಹಿಮಾಲಯದ ಚಿತ್ರ, ಹಂಸದ ಚಿತ್ರ, ನಮ್ಮಲ್ಲಿ ಯಾರೂ ಕಾಣದ ಸೇಬುಹಣ್ಣಿನ ಚಿತ್ರ. ಹಿಮಾಲಯ ಮತ್ತು ಹಂಸ ನನ್ನವೇ. ಸ್ವಂತ ಊರನ್ನು ಬಿಟ್ಟು ಬೇರೆ ಏನನ್ನು ಬರೆದರೂ ಲೆಕ್ಚರರು ಬೆನ್ನು ತಟ್ಟುತ್ತಾರೆ ಎಂದು ನನಗೆ ಬೇಗ ಗೊತ್ತಾಗಿತ್ತು.

ಚಿತ್ರ ಬರೆಯಲು ನನಗೆ ಯಾರೂ ಕಲಿಸಿರಲಿಲ್ಲ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಕಾಲೇಜಿನಲ್ಲಿ ನನಗೆ ಇದ್ದ ಮರ್ಯಾದೆಯೆಲ್ಲ ಆ ಕೈಗೆ ಸೇರಿದ್ದು. ನಾನು ಸೈನ್ಸು ತೆಗೆದುಕೊಂಡಿದ್ದೆ. ಅರ್ಧ ತರಗತಿಯ ರೆಕಾರ್ಡ್ ಪುಸ್ತಕಗಳಲ್ಲಿ ಕಪ್ಪೆಯ ಹೃದಯ ನನ್ನ ಕೈಯದು. ಪೇಟೆಯ ವಕೀಲರ, ಡಾಕ್ಟರರ ಮಕ್ಕಳು ದಾರಿಯಲ್ಲಿ ಕಂಡರೆ ನನ್ನ ಗುರುತು ಹಿಡಿಯುತ್ತಿರಲಿಲ್ಲ, ರೆಕಾರ್ಡ್ ಕೊಡುವ ವಾರ ಮಾತ್ರ ತಪ್ಪದೆ ಹಿಡಿಯುತ್ತಿದ್ದರು. ಅದರಿಂದಲೂ ನನಗೆ ಖುಷಿಯೇ ಆಗುತ್ತಿತ್ತು ಎಂದು ಈಗ ನಾಚಿಕೆಯಿಲ್ಲದೆ ಹೇಳುತ್ತೇನೆ. ನಾನು ಅಲ್ಲಿಯವನಾಗಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬಸ್ಸು ಇಳಿದು ಕಾಲೇಜು ಮುಟ್ಟುವ ತನಕ ‘ಬರುತ್ತೇನೆ, ಹೋಗುತ್ತೇನೆ, ನೋಡುತ್ತೇನೆ’ ಎಂದು ಬಾಯಿಪಾಠ ಮಾಡಿಕೊಂಡು ನಡೆಯುತ್ತಿದ್ದೆ.

ಮನೆಯಲ್ಲಿ ಬೇರೆ ಲೆಕ್ಕ ನಡೆಯುತ್ತಿತ್ತು. ನಮ್ಮದು ಅಳಿಯಕಟ್ಟಿನ ಮನೆತನ. ಯಜಮಾನಿಕೆ ಅಪ್ಪನದಲ್ಲ, ಅಮ್ಮನ ಅಣ್ಣನದು. ಅಪ್ಪಯ್ಯನಿಗೆ ನನ್ನ ವಿಷಯದಲ್ಲಿ ಅಭಿಪ್ರಾಯವಿತ್ತು, ಅದನ್ನು ಕೇಳುವ ಪದ್ಧತಿ ಇರಲಿಲ್ಲ. ಮಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು, ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು, ಪಾತ್ರೆ ತೊಳೆಯುವಲ್ಲಿಂದ ಮೇಲೆ ಬಂದ ಜನ. ಮನೆಯ ಹಂಚು, ಗದ್ದೆಯ ಎತ್ತು, ನನ್ನ ಕಾಲಿನ ಚಪ್ಪಲಿ ಎಲ್ಲ ಅವರದು. ಅವರಿಗೆ ಈಗ ಓದುಬರಹ ಬಲ್ಲ ಮನೆಯ ಹೈದ ಒಬ್ಬ ಬೇಕಾಗಿದ್ದ. ಮುನಿಸಿಪಾಲಿಟಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂದರೆ ಅದನ್ನು ಪಕ್ಕದ ಹೋಟೆಲಿನವನಿಗೆ ಕೊಟ್ಟು ಓದಿಸಬೇಕಾಗುತ್ತಿತ್ತು, ಅವನು ಅದರೊಳಗಿನ ಗುಟ್ಟೆಲ್ಲ ತಿಳಿದುಕೊಳ್ಳುತ್ತಿದ್ದ. ಡಿಗ್ರಿ ಮುಗಿಯಲು ನನಗೆ ಇನ್ನೂ ಎರಡು ವರ್ಷ ಬೇಕಿತ್ತು. ಮಾವನ ಮಟ್ಟಿಗೆ ಆಗಲೇ ನನಗೆ ಬೇಕಾದಷ್ಟು ಇಂಗ್ಲಿಷು ಬಂದಾಗಿತ್ತು.

ಆ ವರ್ಷ ಮನೆಯ ದೈವದ ಕೋಲಕ್ಕೆ ಮಾವ ಬರುವುದೆಂದೂ, ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುವುದೆಂದೂ ಕಾಗದ ಬಂತು. ಅಬ್ಬಿ, ಅಂದರೆ ನನ್ನ ತಾಯಿ, ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದಳು. ಅವಳಿಗೆ ನಾನು ಓದು ಮುಗಿಸಬೇಕೆಂಬ ಹಟವಿತ್ತು. ಆದರೆ ಅಣ್ಣನ ಎದುರು ಅದನ್ನು ಹೇಳುವ ಬಾಯಿ ಇರಲಿಲ್ಲ.

"ನಾ ಹೇಳ್ರೆ ಅಣ್ಣಯ್ಯ ಕೇಣುದಿಲ್ಲೆ" ಎಂದಳು. "ಓದ್ದವ್ರ್ ಹೇಳ್ರೆ ಕೇಣ್ತ್ರ್. ನಿಮ್ ದೊಡ್ ಮಾಷ್ಟ್ರ್ ಹತ್ರ ಒಂದ್ ಮಾತ್ ಹೇಳ್ಸ್."

ದೊಡ್ಡ ಮಾಷ್ಟ್ರು ಎಂದರೆ ಪ್ರಿನ್ಸಿಪಾಲರು. ಮದ್ರಾಸಿನವರು, ಕೋಟು ಹಾಕಿದವರು. ಅವರಿಗೆ ಕನ್ನಡ ನಾಲ್ಕು ಮಾತು ಬರುತ್ತಿತ್ತು, ಆ ನಾಲ್ಕೂ ಜವಾನನನ್ನು ಕರೆಯುವುದಕ್ಕೆ. ನಾನು ಮೂರು ದಿನ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡು ಅವರ ಕೋಣೆಗೆ ಹೋದೆ. ಮಾವ ಬರುತ್ತಾರೆ, ನನ್ನನ್ನು ಬಿಡಿಸುತ್ತಾರೆ, ತಾವು ಒಂದು ಮಾತು ಹೇಳಬೇಕು ಎಂದೆ. ಅವರು ಕಾಗದದಿಂದ ತಲೆ ಎತ್ತದೆ, ಕಾಲೇಜ್ ಡೇಗೆ ಕರೆದುಕೊಂಡು ಬಾ, ಹೇಳೋಣ ಎಂದರು. ಅಷ್ಟು ಸಾಕಿತ್ತು. ನಾನು ಬಸ್ಸಿನಲ್ಲಿ ನಿಂತುಕೊಂಡೇ ಮನೆಯ ತನಕ ಸಂತೋಷದಲ್ಲಿ ಬಂದೆ.

ಆ ಕಾಲೇಜ್ ಡೇಗೆ ಚಿತ್ರಕಲಾ ಸ್ಪರ್ಧೆ ಇಟ್ಟಿದ್ದರು. ವಿಷಯ ‘ನಾನು ಮತ್ತು ನನ್ನ ಕಾಲೇಜು’. ಹಂಸ ಬರೆಯಲು ಜಾಗವೇ ಇಲ್ಲದ ವಿಷಯ. ಪೋಸ್ಟರ್ ಬಣ್ಣದ ಡಬ್ಬಿ ಕೊಳ್ಳುವವರು ವಕೀಲರ ಮಕ್ಕಳು. ನಾನು ಒಲೆಯ ಮಸಿ, ಕೆಮ್ಮಣ್ಣು, ಅರಸಿನ, ಬಟ್ಟೆಗೆ ಹಾಕುವ ನೀಲಿ ಇಷ್ಟನ್ನು ಗೋಂದಿನಲ್ಲಿ ಕಲಸಿಕೊಂಡು, ದೊಡ್ಡ ಡ್ರಾಯಿಂಗ್ ಶೀಟಿನ ಮುಂದೆ ಎರಡು ಭಾನುವಾರ ಕೂತೆ. ಈ ಸಲ ಕೈ ಹಿಮಾಲಯಕ್ಕೆ ಹೋಗಲಿಲ್ಲ.

ಚಿತ್ರದಲ್ಲಿ ಒಂದು ಬಾಗಿಲು. ಒಳಗೆ ಬೆಂಚಿನ ಮೇಲೆ ಒಬ್ಬ ವಿದ್ಯಾರ್ಥಿ, ನಮಗೆ ಅವನ ಬೆನ್ನು ಮಾತ್ರ ಕಾಣುತ್ತದೆ. ಅವನು ಎರಡೂ ಕೈಯಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ಬಾಗಿಲ ಹೊರಗೆ ಅರಸಿನ ಬಣ್ಣದ ಬಿಸಿಲಿನಲ್ಲಿ ಜನ ಸಾಲಾಗಿ ನಿಂತಿದ್ದಾರೆ. ಬಸ್ಸಿನ ಕಂಡಕ್ಟರ್, ಊರಿನ ನಾಲ್ಕು ಹಿರಿಯರು, ಎಲ್ಲರ ಮುಂದೆ ಕಂಕುಳಲ್ಲಿ ಹಾಸಿಗೆಯ ಸುರುಳಿ ಇಟ್ಟುಕೊಂಡ ದಪ್ಪ ಮೀಸೆಯ ಒಬ್ಬರು. ಎಲ್ಲರ ಕೈಯೂ ಒಳಗಿನವನ ಕಡೆಗೆ ಚಾಚಿದೆ. ಎಲ್ಲರ ಬಾಯಿಯೂ ತೆರೆದಿದೆ. ಮೀಸೆ ಯಾರದೆಂದು ನಮ್ಮ ಮನೆಯ ನಾಯಿಗೂ ಗೊತ್ತಾಗುವಂತಿತ್ತು.

ಹೆಸರು ಏನು ಇಡಲಿ ಎಂದು ಶಿರೂರಿನ ಗೆಳೆಯನಿಗೆ ತೋರಿಸಿದೆ. ಅವನು ಮರದಡಿಯಲ್ಲಿ ಚಿತ್ರ ಬಿಚ್ಚಿಕೊಂಡು ತುಂಬ ಹೊತ್ತು ನೋಡಿದ.

"ಇವ್ರೆಲ್ಲ ಬಾಯಿ ಬಿಟ್ಕಂಡ್ ಎಂತ ಹೇಳ್ತಿದ್ರ್?" ಎಂದ.

"ಹೋಪ ಅಂತ್ರ್" ಎಂದೆ.

"ಹಂಗಾರೆ ಅದ್ನೇ ಬರಿ."

‘ಉಂಬ’ ಎಂದರೆ ಉಣ್ಣೋಣ ಎನ್ನುವ ಹಾಗೆ, ನಮ್ಮ ಮಾತಿನಲ್ಲಿ ‘ಹೋಪ’ ಎಂದರೆ ಹೋಗೋಣ, ಹೊರಡು, ನಡಿ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವ ತನಕ ನಮ್ಮ ಕಿವಿಗೆ ನೂರು ಸಲ ಬೀಳುವ ಮಾತು. ಅದನ್ನು ಬರೆದರೆ ಪೆಟ್ಟಿಗೆಯ ಹತ್ತಿರವೂ ಸೇರಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮಸಿಯಲ್ಲಿ ಅಡಿಯಲ್ಲಿ ದಪ್ಪವಾಗಿ ‘ಹೋಪ’ ಎಂದು ಬರೆದೆ. ಬೇರೆ ಯಾವ ಮಾತು ಇಟ್ಟರೂ ಅದು ಸುಳ್ಳಾಗುತ್ತಿತ್ತು. ಕಾಲೇಜಿನ ಒಳಗೆ ನಾನು ಹೇಳಿದ ಮೊದಲ ನಿಜ ಅದು, ಅದನ್ನೂ ಹೇಳಿದ್ದು ಬಾಯಿಂದಲ್ಲ.

ಚಿತ್ರ ಕೊಡುವಾಗ ಲೆಕ್ಚರರು ಕನ್ನಡಕ ಏರಿಸಿ ನೋಡಿದರು. ನಾನು ಪೀರಿಯಡ್ ಪೂರ್ತಿ ನಿಲ್ಲುವುದಕ್ಕೆ ಕಾಲನ್ನು ಸಿದ್ಧ ಮಾಡಿಕೊಂಡಿದ್ದೆ. ಅವರ ಮುಖ ಮೆಲ್ಲಗೆ ಅರಳಿತು.

"ಹೋಪ್! ಇಂಗ್ಲಿಷ್ ಶೀರ್ಷಿಕೆ ಇಟ್ಟಿದ್ದೀಯಾ? ಭೇಷ್" ಎಂದರು. "ಭರವಸೆ ಅಂತಲೇ ಇಡಬಹುದಿತ್ತು. ಇರಲಿ, ಇಂಗ್ಲಿಷಿಗೆ ಅವಕಾಶ ಇದೆ. ಆದರೆ ಅರ್ಧಾಕ್ಷರ ಹಾಕೋಕೆ ಬರಲ್ವಲ್ಲಪ್ಪ ನಿಮಗೆ."

ಹೀಗೆಂದು ಕೆಂಪು ಪೆನ್ನು ತೆಗೆದರು. ನನ್ನ ‘ಪ’ ಅಕ್ಷರದ ತಲೆಕಟ್ಟಿನ ಮೇಲೆ ಒಂದು ಕೆಂಪು ಕೊಕ್ಕೆ ಬರೆದು ಅದನ್ನು ‘ಪ್’ ಮಾಡಿದರು. ಒಂದು ಕೊಕ್ಕೆಯಲ್ಲಿ ನನ್ನ ‘ನಡಿ ಹೊರಡು’ ಅವರ ‘ಭರವಸೆ’ಯಾಯಿತು. ನಾವು ಆಡುವ ಮಾತನ್ನು ಯಾರಾದರೂ ಬರೆದೂ ಕೊಟ್ಟಾರು ಎಂದು ಅವರಿಗೆ ಹೊಳೆದೇ ಇರಲಿಲ್ಲ. ಇಡೀ ವರ್ಷ ನಮ್ಮ ಮಾತನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದ ಮನುಷ್ಯ, ಅದನ್ನೇ ಇಂಗ್ಲಿಷು ಎಂದು ತಿಳಿದು ತಾನೇ ಬೀಗ ತೆಗೆದು ಒಳಗೆ ಕರೆದ. ಮರದಡಿಯಲ್ಲಿ ಇದನ್ನು ಹೇಳಿದಾಗ ಶಿರೂರಿನವನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ. ಮಧ್ಯಾಹ್ನದೊಳಗೆ ಇಡೀ ಕಾಲೇಜಿಗೆ ಗೊತ್ತಾಯಿತು, ಗೊತ್ತಾಗದವರು ಬೋರ್ಡಿನ ಹತ್ತಿರ ನಿಂತು ಕಲಿಸುವವರು ಮಾತ್ರ. ನಾನೂ ನಕ್ಕೆ. ತಿದ್ದಬೇಕೆಂದು ಆಗ ನನಗೆ ಅನ್ನಿಸಲಿಲ್ಲ.

ಕೋಲ ಮುಗಿದ ಮೇಲೆ ಕಾಲೇಜ್ ಡೇ ಬಂತು. ಮಾವ ಅದಕ್ಕೆಂದೇ ಬಿಳಿ ಪ್ಯಾಂಟು ಹಾಕಿ, ಕೊರಳಿಗೆ ಚಿನ್ನದ ಸರ ಇಳಿಬಿಟ್ಟು ಹೊರಟರು. ಅಬ್ಬಿಯನ್ನೂ ಕರೆದೆ.

"ನಾ ಬಂದ್ ಎಂತ ಮಾಡುದ್? ಅವ್ರ್ ಮಾತಾಡ್ದದ್ ನಂಗ್ ತಿಳಿತ್ತಿಲ್ಲೆ" ಎಂದಳು. "ಎಂತ ಹೇಳ್ರ್ ಅಂದೇಳಿ ನೀ ಬಂದ್ ಹೇಳ್."

ಮಾವನಿಗೆ ಮುಂದಿನ ಸಾಲಿನ ಕುರ್ಚಿ ಸಿಕ್ಕಿತು. ವೇದಿಕೆಯ ಪಕ್ಕದಲ್ಲಿ ನನ್ನ ಚಿತ್ರ, ಅದರ ಅಡಿಯಲ್ಲಿ ಮೊದಲ ಬಹುಮಾನ ಎಂಬ ಚೀಟಿ. ಮಾವ ಕುರ್ಚಿಯಿಂದ ಎದ್ದು ಹೋಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಹೋ… ಪ." ಕೆಂಪು ಕೊಕ್ಕೆಯನ್ನು ಅವರು ಲೆಕ್ಕಕ್ಕೇ ಇಡಲಿಲ್ಲ. ಆಮೇಲೆ ತಮ್ಮ ಮೀಸೆಯ ಚಿತ್ರ ನೋಡಿ, ನಿಜವಾದ ಮೀಸೆಯನ್ನು ಸವರಿಕೊಂಡು ಬಂದು ಕೂತರು. ಅವರ ಮುಖ ನೋಡಿದರೆ ಸಿಟ್ಟು ಬಂದ ಹಾಗಿರಲಿಲ್ಲ. ನನಗೆ ಒಳಗೊಳಗೇ ಗಾಬರಿಯಾಯಿತು, ಸಿಟ್ಟು ಬರಬೇಕಾಗಿತ್ತಲ್ಲ ಎಂದು.

ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಅವರಿಗೆ ಚಿತ್ರ ಬಹಳ ಹಿಡಿಸಿತ್ತು. ಹೊರಗೆ ನಿಂತವರು ಸಮಾಜವಂತೆ, ಚಾಚಿದ ಕೈಗಳು ಆಶೀರ್ವಾದವಂತೆ. ಹಾಸಿಗೆಯ ಸುರುಳಿ ಪರಂಪರೆಯ ಭಾರವಂತೆ. ಬೆನ್ನು ತಿರುಗಿಸಿದ ಹುಡುಗ ಅಧ್ಯಯನದಲ್ಲಿ ಮುಳುಗಿದ್ದಾನಂತೆ. ಎರಡು ವಾಕ್ಯಕ್ಕೊಂದು ಸಲ ಕೈ ಮೇಲೆತ್ತಿ "ಹೋಪ್" ಎನ್ನುತ್ತಿದ್ದರು. ರಾಷ್ಟ್ರಕ್ಕೆ ಹೋಪ್, ಯುವಜನರಿಗೆ ಹೋಪ್, ಈ ಕಾಲೇಜಿಗೆ ಹೋಪ್. ಹಿಂದಿನ ಬೆಂಚುಗಳಲ್ಲಿ ಪ್ರತಿಯೊಂದು ಹೋಪಿಗೂ ನಗು ಎದ್ದು ಬರುತ್ತಿತ್ತು. ಅದು ಯುವಜನರ ಉತ್ಸಾಹ ಎಂದು ತಿಳಿದು ಅವರು ಇನ್ನೂ ಗಟ್ಟಿಯಾಗಿ ಹೇಳಿದರು. ಎರಡನೆಯ ಸಾಲಿನಲ್ಲಿದ್ದ ಹಟ್ಟಿಯಂಗಡಿ ಕಡೆಯ ಅಜ್ಜ ಒಬ್ಬರು ನಾಲ್ಕನೆಯ ಹೋಪಿಗೆ ಕೊಡೆ ಹಿಡಿದುಕೊಂಡು ಎದ್ದೇ ಬಿಟ್ಟರು. ಸಭೆ ಮುಗಿಯಿತು, ಹೊರಡಲು ಹೇಳುತ್ತಿದ್ದಾರೆ ಎಂದು ಅವರ ಭಾವನೆ. ಮೊಮ್ಮಗ ಅಂಗಿ ಎಳೆದು ಕೂರಿಸಿದ.

ನನ್ನನ್ನು ಮೇಲೆ ಕರೆದು ಬಹುಮಾನ ಕೊಟ್ಟರು. ಒಂದು ಪ್ಲಾಸ್ಟಿಕ್ಕಿನ ಸೋಪಿನ ಪೆಟ್ಟಿಗೆ, ಗುಲಾಬಿ ಬಣ್ಣದ್ದು. ನಿನ್ನ ಚಿತ್ರದ ಸಂದೇಶ ಏನು ಎಂದು ಮೈಕಿನ ಮುಂದೆ ಕೇಳಿದರು. ಒಂದು ಕಡೆ ಕನ್ನಡ ಲೆಕ್ಚರರು, ಇನ್ನೊಂದು ಕಡೆ ಪ್ರಿನ್ಸಿಪಾಲರು, ಕೆಳಗೆ ಮಾವ.

"ಹೋಪ್, ಸರ್" ಎಂದೆ.

ಚಪ್ಪಾಳೆ ಬಿತ್ತು. ಮಾವ ಎಲ್ಲರಿಗಿಂತ ಜೋರಾಗಿ ತಟ್ಟಿದರು. ವೇದಿಕೆಯಿಂದ ಇಳಿಯುವಾಗ ಶಿರೂರಿನವನು ನನ್ನ ಕೈ ಹಿಡಿದು ನಿಲ್ಲಿಸಿದ. ಅವನು ಆ ದಿನ ನಗುತ್ತಿರಲಿಲ್ಲ.

"ನಿನ್ ಮಾವ ಅದ್ನ ಹ್ಯಾಂಗ್ ಕೇಂಡ್ರ್ ಅಂದೇಳಿ ಗೊತ್ತಿತ್ತಾ? ಈಗ್ಲೇ ಹೋಯ್ ಹೇಳ್, ಮರಾಯ" ಎಂದ.

ಹೇಳುತ್ತೇನೆ ಎಂದೆ. ಹೇಳುವ ಅವಕಾಶ ಹತ್ತು ನಿಮಿಷದಲ್ಲೇ ಬಂತು. ಸಭೆ ಮುಗಿದು ಪ್ರಿನ್ಸಿಪಾಲರು ಜಗಲಿಗೆ ಬಂದರು. ನಾನು ಮಾವನನ್ನು ಅವರ ಮುಂದೆ ನಿಲ್ಲಿಸಿ, ಇವರೇ ನನ್ನ ಮಾವ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಪ್ರಿನ್ಸಿಪಾಲರಿಗೆ ನಾನು ಹಿಂದೆ ಕೇಳಿಕೊಂಡದ್ದು ಅರ್ಧ ನೆನಪಾಯಿತು. ಅವರು ಎಂದೂ ಮಾಡದ ಒಂದು ಕೆಲಸ ಮಾಡಿದರು. ನನ್ನನ್ನು ಹತ್ತಿರ ಎಳೆದು ಹೆಗಲ ಮೇಲೆ ಕೈ ಇಟ್ಟರು. ವಕೀಲರ ಮಕ್ಕಳು ಕಂಬದ ಹತ್ತಿರ ನಿಂತು ನೋಡುತ್ತಿದ್ದರು.

"ಅಂಕಲ್? ವೆರಿ ಗುಡ್" ಎಂದರು ಮಾವನಿಗೆ. "ನಿಮ್ಮ ಹುಡುಗ… ತುಂಬ ಹೋಪ್. ವೆರಿ ವೆರಿ ಹೋಪ್."

ಮಾವ ಕೈ ಮುಗಿದರು. "ಹೌದ್ ಸರ್. ನಾನೂ ಅದ್ನೇ ಹೇಳುದ್. ಮನೆಲ್ ಹೆಂಗ್ಸ್ರಿಗೆ ಅರ್ಥ ಆತಿಲ್ಲೆ. ಹಂಗಾರೆ ಹೋಪ, ಅಲ್ದಾ ಸರ್?"

"ಎಸ್, ಎಸ್. ಹೋಪ್!" ಎಂದು ಪ್ರಿನ್ಸಿಪಾಲರು ಇನ್ನೊಂದು ಕೈಯಿಂದ ಮಾವನ ಕೈ ಕುಲುಕಿದರು.

ಮಾವ ನನ್ನ ಕಡೆ ತಿರುಗಿದರು. "ನೀ ಎಂತ ಹೇಳ್ತೆ ಹೈದಾ? ಹೋಪನಾ?"

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಇಬ್ಬರಿಗೂ ನನ್ನ ಮೇಲೆ ಪ್ರೀತಿ ಉಕ್ಕಿತ್ತು. ಒಂದು ವಾಕ್ಯ ಸಾಕಿತ್ತು. ಸರ್, ಅದು ನಿಮ್ಮ ಮಾತಲ್ಲ, ನಮ್ಮದು, ಇವರು ನನ್ನನ್ನು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಾರೆ, ತಡೆಯಿರಿ ಎಂದು ಹೇಳುವಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಹೇಳಿದ್ದರೆ ಎರಡು ನಿಮಿಷದ ಮುಜುಗರ, ಕನ್ನಡ ಲೆಕ್ಚರರಿಗೆ ಒಂದು ಹೊಟ್ಟೆನೋವು, ನನಗೆ ಎರಡು ವರ್ಷದ ಓದು. ನಾನು ಸೋಪಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, ತಲೆ ಅಲ್ಲಾಡಿಸಿ, ಹೂಂ ಎಂದೆ. ಅದು ಎರಡು ಭಾಷೆಯಲ್ಲೂ ಹೌದು ಎಂದೇ ಆಗುತ್ತದೆ.

ಬಸ್ಸಿನಲ್ಲಿ ಮಾವನ ಸಂತೋಷ ಹೇಳತೀರದು. ನನಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

"ನಿಮ್ ದೊಡ್ ಮಾಷ್ಟ್ರ್ ಸಾಮಾನ್ಯದವ್ರಲ್ಲ" ಎಂದರು. "ಕೋಟ್ ಹಾಕಿರೂ ಕಾಣ್, ನಮ್ ಭಾಷೆಲೇ ಮಾತಾಡ್ರ್. ಉಳ್ದವ್ರೆಲ್ಲ ಬರೀ ಪುಸ್ತ್ಕದ್ ಮಾತ್. ಅಷ್ಟ್ ಜನ್ರ್ ಎದ್ರಿಗೆ ನಿಂತ್ಕಂಡ್ ಹೋಪ, ಹೋಪ ಅಂದೇಳಿ ಎಷ್ಟ್ ಸಲ ಹೇಳ್ರ್. ನಾ ನಿನ್ನ ಒತ್ತಾಯದಲ್ಲ್ ಕರ್ಕಂಡ್ ಹೋತೆ ಅಂದೇಳಿ ನಿನ್ ಅಬ್ಬಿಗ್ ಬೇಜಾರಿತ್ತ್. ನೀನೇ ಚಿತ್ರದಲ್ಲ್ ಬರ್ದಿದೆ, ಇನ್ನೆಂತ ಬೇಕ್?"

ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಆ ಬಸ್ಸಿನಲ್ಲಿ ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಇಡೀ ಸಭೆಯಲ್ಲಿ ನನ್ನ ಚಿತ್ರದ ಹೆಸರನ್ನು ನಾನು ಬರೆದ ಹಾಗೆಯೇ ಓದಿದ ದೊಡ್ಡವರು ಅವರೊಬ್ಬರೇ. ಓದಿ ತಪ್ಪು ತಿಳಿದದ್ದು ಅವರ ತಪ್ಪೇ ಎಂದು ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗಲಿಲ್ಲ. ಅವರು ಕೇಳಿದ್ದರು, ಸರಿಯಾಗಿ, ನನ್ನ ಮುಖ ನೋಡಿ, ನನ್ನ ಮಾತಿನಲ್ಲೇ ಕೇಳಿದ್ದರು.

ಮನೆಗೆ ಬಂದು ಮಾವ ಮೀಯಲು ಬಚ್ಚಲಿಗೆ ಹೋದರು. ಅಬ್ಬಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ನನ್ನನ್ನು ನೋಡಿ ತುರಿಯುವುದನ್ನು ನಿಲ್ಲಿಸಿದಳು.

"ಹೇಳ್ರಾ?"

"ಹೇಳ್ರ್."

"ಎಂತ ಹೇಳ್ರ್?"

ನಾನು ಎಲ್ಲವನ್ನೂ ಹೇಳಿದೆ. ಕೆಂಪು ಕೊಕ್ಕೆಯಿಂದ ಶುರುಮಾಡಿ, ಕೊಡೆ ಹಿಡಿದು ಎದ್ದ ಅಜ್ಜ, ಪ್ರಿನ್ಸಿಪಾಲರ ಕೈ, ಮಾವನ ಹೋಪ, ಒಂದನ್ನೂ ಬಿಡದೆ, ಒಬ್ಬೊಬ್ಬರ ದನಿಯನ್ನೂ ಮಾಡಿ ತೋರಿಸಿ, ತಮಾಷೆಯಾಗಿ ಹೇಳಿದೆ. ಅವಳು ನಕ್ಕರೆ ನನ್ನ ಭಾರ ಅರ್ಧ ಇಳಿಯುತ್ತಿತ್ತು. ಅವಳು ನಗಲಿಲ್ಲ. ತುರಿಮಣೆಯ ಮೇಲೆ ಕೂತಲ್ಲೇ ಕೂತು, ಪೂರ್ತಿ ಕೇಳಿದಳು.

"ಅಲ್ಲ ಮಗಾ" ಎಂದಳು ಕೊನೆಗೆ. "ಅವ್ರಿಗ್ ಇವ್ರ್ ಮಾತ್ ತಿಳಿತ್ತಿಲ್ಲೆ. ಇವ್ರಿಗ್ ಅವ್ರ್ ಮಾತ್ ತಿಳಿತ್ತಿಲ್ಲೆ. ನಿಂಗ್ ಎರಡೂ ಗೊತ್ತಿತ್ತಲ್ಲ. ನೀ ಎಂತಕ್ ಸುಮ್ನಿದ್ದೆ?"

ಎಷ್ಟೋ ಕಾರಣ ಕೊಡಬಹುದಿತ್ತು. ಮಾವನಿಗೆ ಅವಮಾನವಾಗುತ್ತಿತ್ತು ಎನ್ನಬಹುದಿತ್ತು, ಅಷ್ಟು ಜನರ ಎದುರು ಪ್ರಿನ್ಸಿಪಾಲರ ಮರ್ಯಾದೆ ತೆಗೆಯುವುದು ಹೇಗೆ ಎನ್ನಬಹುದಿತ್ತು. ಅವು ಯಾವುವೂ ನಿಜವಲ್ಲ. ಅದು ನಮ್ಮ ಮಾತು ಎಂದು ಹೇಳಿಬಿಟ್ಟಿದ್ದರೆ ಪ್ರಿನ್ಸಿಪಾಲರು ಆ ಕೈಯನ್ನು ಅಲ್ಲಿಂದ ತೆಗೆದುಬಿಡುತ್ತಿದ್ದರು, ನನಗೆ ಇದ್ದ ಹೆದರಿಕೆ ಅಷ್ಟೇ.

"ಅವ್ರ್ ನನ್ ಹೆಗ್ಲ್ ಮೇಲ್ ಕೈ ಇಟ್ಟಿದ್ರ್, ಅಬ್ಬಿ" ಎಂದೆ.

ಬಚ್ಚಲಿನಲ್ಲಿ ಮಾವ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಅಬ್ಬಿ ಎದ್ದು ಸೆರಗಿಗೆ ಕೈ ಒರೆಸಿಕೊಂಡು, ನನಗೂ ಮಾವನಿಗೂ ಎರಡು ಬಾಳೆಲೆ ಹಾಕಿದಳು.

"ಉಂಬ, ಬಾ" ಎಂದಳು.